ಗಾಳಿ ಸೋರುವ ಬಾಯಿ

ಅಪ್ಪನ ಬಾಯಿ ಸೊಟ್ಟಗಾದದ್ದು ಒಂದು ಬೆಳಿಗ್ಗೆ, ಹಿತ್ತಿಲ ಕಲ್ಲಿನ ಮೇಲೆ ನಿಂತು ಬಾಯಿ ಮುಕ್ಕಳಿಸುವಾಗ. ನಾನು ಪಕ್ಕದಲ್ಲೇ ಹಲ್ಲುಜ್ಜುತ್ತಿದ್ದೆ. ಅವನು ತಂಬಿಗೆ ಎತ್ತಿ ಬಾಯಿಗೆ ನೀರು ತುಂಬಿಕೊಂಡ. ಉಗುಳುವ ಮೊದಲೇ ಆ ನೀರು ಎಡಗಡೆಯ ತುಟಿಯಿಂದ ಸುರಿದು, ಗದ್ದಕ್ಕಿಳಿದು, ಬನಿಯನ್ನನ್ನು ನೆನೆಸಿತು. ಇನ್ನೊಂದು ಸಲ ತುಂಬಿಕೊಂಡ. ಅದೂ ಹಾಗೇ ಆಯಿತು. ಅಪ್ಪ ನಾಟಕದವರ ಜೊತೆ ಓಡಾಡುವವನು, ಊರಿನ ಒಬ್ಬೊಬ್ಬರ ಮುಖ ಮಾಡಿ ತೋರಿಸಿ ನಮ್ಮನ್ನು ನಗಿಸುವವನು. ಹಾಲು ಕರೆದುಕೊಂಡು ಬರುತ್ತಿದ್ದ ಅವ್ವ ಇದೂ ಅಂಥದ್ದೇ ಎಂದುಕೊಂಡಳು.

"ಒತ್ತಾರೆಗೇ ಸುರು ಮಾಡ್ಕಂಡ್ರಾ ಕೋಡಂಗಿ ಆಟವ?"

ಅಪ್ಪ ತಿರುಗಿದ. ಬಲಗಡೆಯ ಮುಖದಲ್ಲಿ ಗಾಬರಿ ಇತ್ತು. ಎಡಗಡೆಯದು ಇನ್ನೂ ನಿದ್ದೆಯಿಂದ ಎದ್ದೇ ಇಲ್ಲವೇನೋ ಎಂಬಂತೆ ಜೋತುಬಿದ್ದಿತ್ತು. ಆ ಕಡೆಯ ಕಣ್ಣು ಮಾತ್ರ ಮುಚ್ಚಲು ಬಾರದೆ ಬಿಟ್ಟಹಾಗೇ ಇತ್ತು. ಅವ್ವನ ಕೈಯಿಂದ ಚೆಂಬು ಜಾರಿತು. ಹಾಲು ಅಂಗಳದಲ್ಲಿ ಹರಿದು ಸಗಣಿ ನೀರಿಗೆ ಸೇರುವುದನ್ನು ಯಾರೂ ತಡೆಯಲಿಲ್ಲ. ಒಳಗಿನಿಂದ ಬಂದ ಅಜ್ಜಿ, ಅಪ್ಪನ ತಾಯಿ, ಮಗನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ನೆಟ್ಟಗೆ ತಿರುಗಿಸಲು ನೋಡಿದಳು, ಚಕ್ಕುಲಿ ಹಿಟ್ಟನ್ನು ಸರಿಮಾಡುವ ಹಾಗೆ. ಬಿಟ್ಟ ಕೂಡಲೆ ಅದು ಮತ್ತೆ ಬಲಕ್ಕೆ ಎಳೆದುಕೊಂಡಿತು.

ನಮ್ಮದು ಅಕ್ಕಿಹೆಬ್ಬಾಳು. ಹೇಮಾವತಿಯ ದಂಡೆಗೆ ಸ್ವಲ್ಪ ಗದ್ದೆ, ಕಬ್ಬು, ಎರಡು ಎಮ್ಮೆ, ನಡುವೆ ತೊಟ್ಟಿ ಇದ್ದ ಹೆಂಚಿನ ಮನೆ. ಬೇಸಾಯ ಮಾಡುವವರು ಊರ ತುಂಬ ಇದ್ದರು. ಅಪ್ಪನನ್ನು ಸುತ್ತಲ ಊರಿನವರು ಗುರುತಿಸುತ್ತಿದ್ದುದು ಕ್ಲಾರಿನೆಟ್ಟಿನಿಂದ. ಪೌರಾಣಿಕ ನಾಟಕ ಎಲ್ಲಿ ಕಟ್ಟಿದರೂ ಕಿಕ್ಕೇರಿಯ ಹಾರ್ಮೋನಿಯಂ ಮೇಷ್ಟ್ರು ಶಿವಣ್ಣನವರ ಎಡಕ್ಕೆ ಅಪ್ಪ ಕೂರಬೇಕು. ಪಾತ್ರದವನು ಹಾಡು ಎತ್ತಿ ಉಸಿರು ಸಾಲದೆ ನಿಲ್ಲಿಸಿದ ಕಡೆ ಅಪ್ಪನ ವಾದ್ಯ ಅದನ್ನು ಎತ್ತಿಕೊಂಡು ಮುಂದಕ್ಕೆ ಹೋಗುತ್ತಿತ್ತು. ನಾಗಮಂಗಲದ ಕಡೆಯವರು ನಾಟಕದ ದಿನ ಗೊತ್ತು ಮಾಡುವ ಮೊದಲು ಅಪ್ಪನಿಗೆ ಬಿಡುವಿದೆಯೇ ಎಂದು ಕೇಳಿಕೊಂಡು ಹೋಗುತ್ತಿದ್ದರು. ಆ ಬೆಳಗಿನಿಂದ ಕೆಲವು ವಾರ ಕ್ಲಾರಿನೆಟ್ಟಿನ ಪೆಟ್ಟಿಗೆ ನಡುಮನೆಯ ಮಂಚದ ಕೆಳಗೆ ಇದ್ದಲ್ಲೇ ಇತ್ತು.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಹಣೆ ಸುಕ್ಕು ಮಾಡಿಸಿ, ಕಣ್ಣು ಮುಚ್ಚಿಸಿ, ನಗಿಸಿ ನೋಡಿದರು. ಮುಖದ ನರ ಊದಿಕೊಂಡಿದೆ, ಬಹಳ ಜನರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಆಗುವುದಿಲ್ಲ ಎಂದರು. ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ಮುಖ ಹಾಗೇ ಉಳಿಯಿತು. ನಾಗಮಂಗಲದ ಹತ್ತಿರ ಯಾರೋ ಸೊಪ್ಪಿನ ರಸ ಹಿಂಡುತ್ತಾರೆ ಎಂದು ಅಜ್ಜಿ ಕರೆದುಕೊಂಡು ಹೋದಳು. ಅಪ್ಪ ಕಿವಿಯಿಂದ ಗದ್ದದವರೆಗೆ ಹಸಿರು ಬಳಿದುಕೊಂಡು, ಬಸ್ಸಿನಲ್ಲಿ ಜನ ನೋಡಿದರೆಂದು ಟವೆಲಿನಲ್ಲಿ ಮುಖ ಸುತ್ತಿಕೊಂಡು ಬಂದ. ಅಂದು ಸುತ್ತಿದ ಟವೆಲನ್ನು ಅವನು ಹೊರಗಿನವರ ಎದುರು ಮತ್ತೆ ಬಿಚ್ಚಲಿಲ್ಲ. ಮೊದಲೆಲ್ಲ ನಾವು ನಾಲ್ಕೂ ಜನ ತೊಟ್ಟಿಯ ಪಕ್ಕ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ಈಗ ಮುದ್ದೆ ನುಂಗುವುದು ಹೇಗೋ ಆಗುತ್ತಿತ್ತು, ಸಾರು ನಿಲ್ಲುತ್ತಿರಲಿಲ್ಲ. ಅವರೆಕಾಳಿನ ಸಾರು ತುಟಿಯ ಮೂಲೆಯಿಂದ ಇಳಿದು ತಟ್ಟೆಗೆ ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಕೇಳಿಸದವರ ಹಾಗೆ ಅಜ್ಜಿ ಮಳೆಯ ಮಾತೆತ್ತುತ್ತಿದ್ದಳು, ಅವ್ವ ಇನ್ನಷ್ಟು ಸಾರು ಬಡಿಸುತ್ತಿದ್ದಳು. ಒಂದು ದಿನ ಅಪ್ಪ ತಟ್ಟೆ ಎತ್ತಿಕೊಂಡು ಮೂಲೆ ಕೋಣೆಗೆ ಹೋದ. ಆಮೇಲೆ ಊಟ, ನಿದ್ದೆ ಎಲ್ಲ ಅಲ್ಲೇ.

ಆ ಕೋಣೆಯಿಂದ ದಿನಾ ಮಧ್ಯಾಹ್ನ ಒಂದು ಸದ್ದು ಬರುತ್ತಿತ್ತು. ಉಸ್ ಎಂದು ಗಾಳಿ ಹೋಗುವ ಸದ್ದು, ಒಡೆದ ಸೈಕಲ್ ಟ್ಯೂಬಿನದರ ಹಾಗೆ. ಬಾಗಿಲ ಸಂದಿಯಿಂದ ನೋಡಿದರೆ ಅಪ್ಪ ವಾದ್ಯ ಬಾಯಿಗಿಟ್ಟುಕೊಂಡು, ಎಡಗಡೆಯ ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದು ಊದುತ್ತಿದ್ದ. ಒಂದು ಕೈ ತುಟಿ ಹಿಡಿದರೆ ತೂತು ಮುಚ್ಚಲು ಇರುವುದು ಒಂದೇ ಕೈ. ಅರೆಬರೆ ಸ್ವರ ಹುಟ್ಟಿ, ನಡುಗಿ, ಗಾಳಿಯಲ್ಲಿ ಮುಳುಗಿಹೋಗುತ್ತಿತ್ತು. ಅವನು ಎಂಜಲು ಒರೆಸಿಕೊಂಡು ಮತ್ತೆ ಬಾಯಿಗಿಡುತ್ತಿದ್ದ. ಹಾಗೆ ಎಷ್ಟೋ ದಿನ ನಡೆಯಿತು. ಒಂದು ಮಧ್ಯಾಹ್ನ ಸದ್ದು ಬರಲಿಲ್ಲ. ಅಂದಿನಿಂದ ಅವನು ಮಾತನ್ನೂ ನಿಲ್ಲಿಸಿದ. ಬೈಯುವುದೂ ಇಲ್ಲ, ಕೇಳುವುದೂ ಇಲ್ಲ. ಎಮ್ಮೆ ಕಟ್ಟು ಬಿಚ್ಚಿಕೊಂಡು ಪಕ್ಕದವರ ಪೈರು ಮೇಯ್ದು ದೊಡ್ಡ ಜಗಳವಾದರೂ ಅಪ್ಪ ಕೋಣೆಯಿಂದ ಹೊರಬರಲಿಲ್ಲ.

ಆಯುಧಪೂಜೆಯ ದಿನ ನೇಗಿಲು, ಗುದ್ದಲಿ, ಕುಡುಗೋಲು ತೊಳೆದಿಟ್ಟ ಸಾಲಿನಲ್ಲಿ ಅವ್ವ ಕ್ಲಾರಿನೆಟ್ಟನ್ನೂ ಇಟ್ಟಳು. ಪ್ರತಿ ವರ್ಷ ಅಪ್ಪನೇ ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದ. ಅಜ್ಜಿ ಹೂವಿನ ತಟ್ಟೆ ಹಿಡಿದು ಬಂದವಳು ಅದನ್ನು ನೋಡಿ ನಿಂತುಬಿಟ್ಟಳು.

"ಎತ್ತವ್ವ ಅದ. ನನ್ ಮಗನ ಮಕ ತಿಂದದ್ದೇ ಆ ಪೀಪಿ. ಗಾಳಿ ಊದೀ ಊದೀ ನರ ಹರ್ಕಂಡದೆ. ಅದುಕ್ಕೆ ಪೂಜೆ ಬೇರೆ ಮಾಡ್ಬೇಕಾ?"

"ಡಾಕ್ಟ್ರು ಅಂಗನ್ನಿಲ್ಲ ಕಣತ್ತೆ."

"ಡಾಕ್ಟ್ರುಗೇನ್ ಗೊತ್ತು? ಅವನ ಮಕ ನೆಟ್ಗದೆ!"

ಅಜ್ಜಿ ವಾದ್ಯವನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಗೋದಲಿಯಲ್ಲಿ ಹಾಕಿದಳು. ಅವ್ವ ಹಿಂದೆಯೇ ಹೋಗಿ ಹುಲ್ಲಿನೊಳಗಿಂದ ಹೆಕ್ಕಿದಳು. ಹಬ್ಬದ ದಿನ ಅತ್ತೆ ಸೊಸೆ ಕೊಟ್ಟಿಗೆಯಲ್ಲಿ ನಿಂತು ಒಬ್ಬರನ್ನೊಬ್ಬರು ಬೈದುಕೊಂಡು, ಕೊನೆಗೆ ಇಬ್ಬರೂ ಅತ್ತರು. ಕೋಣೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ಆ ದಿನಗಳಲ್ಲಿ ಅವ್ವನಿಗೆ ಇದ್ದ ಹೆದರಿಕೆ ಏನೆಂದು ನನಗೆ ತಿಳಿದದ್ದು ಅವಳು ಮಾಡಿದ ಕೆಲಸಗಳಿಂದ. ಕಬ್ಬಿಗೆ ಹೊಡೆಯುವ ಔಷಧಿಯ ಡಬ್ಬವನ್ನು ಅವಳು ಗದ್ದೆಯ ಮನೆಯಿಂದ ತೆಗೆದು ತನ್ನ ತಮ್ಮನ ಕೈಲಿ ಕೊಟ್ಟು ಕಳಿಸಿದಳು. ಅಪ್ಪ ಹೊಳೆ ಕಡೆಗೆ ಹೊರಟರೆ, "ನಾನೂ ಬಟ್ಟೆ ಒಗೆಯದದೆ" ಎಂದು ಒಣಗಿದ ಬಟ್ಟೆಯನ್ನೇ ಎತ್ತಿಕೊಂಡು ಹಿಂದೆ ಹೋಗುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದ ನನ್ನನ್ನು ಅವ್ವ ಬಚ್ಚಲುಮನೆಗೆ ಕರೆದು, ಹಂಡೆಯ ಹಿಂದೆ ಬಚ್ಚಿಟ್ಟಿದ್ದ ಪೆಟ್ಟಿಗೆ ತೆಗೆದಳು.

"ಊದು ಪದ್ಮಿ."

"ನಂಗೆ ಬರಾಕಿಲ್ಲ ಕಣವ್ವ."

"ಬರ್ದಿದ್ರೇ ಒಳ್ಳೇದು. ಕೆಟ್ಟದಾಗಿ ಊದು. ಕೇಳ್ನಾರ್ದೆ ಬಂದು ನಿನ್ ಕೆನ್ನೆಗೆ ಎರಡು ಬಿಟ್ರೂ ಸೈ. ಮನುಷ್ಯ ಗ್ವಾಡೆ ಆಗೋಗವ್ನೆ. ಕ್ವಾಪನಾದ್ರೂ ಬರ್ಲಿ."

ಅಪ್ಪ ತುಂಡುಗಳನ್ನು ಜೋಡಿಸುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಕೀಲಿಗೆ ಬೆಣ್ಣೆ ಸವರಿ, ಒಂದಕ್ಕೊಂದು ಸೇರಿಸಿ, ಮೇಲಿನ ತುಂಡಿಗೆ ರೀಡು ಕಟ್ಟಿದೆ. ಬೆತ್ತದಂಥ ತೆಳುಪಟ್ಟಿ ಅದು, ನಾಲಿಗೆಗೆ ಒಗರು. ಊದಿದೆ. ಏನೂ ಬರಲಿಲ್ಲ. ಕೆನ್ನೆ ಉಬ್ಬಿಸಿ ಮತ್ತೆ ಊದಿದೆ. ಹಂದಿ ಹಿಡಿದಾಗ ಕಿರುಚುತ್ತದಲ್ಲ, ಅಂಥದೊಂದು ಕೂಗು ಹೊರಟು ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿತು. ಅವ್ವ ಕಣ್ಣು ಮುಚ್ಚಿ ಕಿವಿ ಕೋಣೆಯ ಕಡೆಗೆ ಕೊಟ್ಟಳು. ಕೋಣೆಯಲ್ಲಿ ಮೌನ. ಮರುದಿನವೂ ಮೌನ. ದಿನಾ ಸಂಜೆ ನಾನು ಕಿರುಚಿಸುತ್ತ ಹೋದೆ. ಅಜ್ಜಿ ಎದೆ ಬಡಿದುಕೊಂಡು ಬೀದಿಗೆ ಹೋಗಿ ಕೂರುತ್ತಿದ್ದಳು. ಒಂದು ವಾರ ಕಳೆದಿರಬಹುದು. ಬಚ್ಚಲುಮನೆಗೂ ಅಪ್ಪನ ಕೋಣೆಗೂ ನಡುವಿನ ಗೋಡೆಯ ಮೇಲೆ ಯಾರೋ ಗುದ್ದಿದರು. ಆಮೇಲೆ ದನಿ ಬಂತು. ಪ, ಬ, ಮ ಎಂಬ ಅಕ್ಷರಗಳು ಅವನ ತುಟಿಗೆ ಸಿಗುತ್ತಿರಲಿಲ್ಲ, ನನ್ನ ಹೆಸರು ಹದ್ವಿ ಎಂದಾಗಿತ್ತು. ಅವನ ಮಾತನ್ನು ನಾನು ಇಲ್ಲಿ ಸರಿಮಾಡಿ ಬರೆಯುತ್ತಿದ್ದೇನೆ.

"ಪದ್ಮಿ, ಮೂರ್ನೇ ತೂತಲ್ಲಿ ಗಾಳಿ ಸೋರ್ತಾ ಅದೆ. ಬೆರಳ್ ತುದೀಲಿ ಮುಚ್ಬ್ಯಾಡ, ಮೆದು ಭಾಗದಲ್ಲಿ ಮುಚ್ಚು."

ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದು ಕೂತಳು.

ಮೊದಮೊದಲು ಪಾಠ ಗೋಡೆಯ ಆಚೆಯಿಂದ. ಬಚ್ಚಲುಮನೆಯಲ್ಲಿ ನನ್ನ ಸ್ವರ ನನಗೇ ದೊಡ್ಡದಾಗಿ, ದುಂಡಗೆ ಕೇಳುತ್ತಿತ್ತು. ಚೆನ್ನಾಗಿ ಬರುತ್ತಿದೆ ಎಂದುಕೊಂಡೆ. ಅಪ್ಪ ಒಪ್ಪಲಿಲ್ಲ.

"ಬಚ್ಚಲಲ್ಲಿ ಎಮ್ಮೆ ಕೂಗುದ್ರೂ ಚೆಂದಾಗೇ ಕೇಳ್ತದೆ. ಬಯಲಲ್ಲಿ ಊದು, ನಿನ್ ನಾದ ಏನೂಂತ ಗೊತ್ತಾಯ್ತದೆ."

ಹಾಗೆ ನಾವು ಹೊಳೆದಂಡೆಯ ಗದ್ದೆಗೆ ಹೋಗತೊಡಗಿದೆವು, ಸಂಜೆ, ಜನ ಮನೆಗೆ ತಿರುಗಿದ ಮೇಲೆ. ಬಯಲಲ್ಲಿ ನನ್ನ ಸ್ವರ ಒಣಗಿದ ಜೋಳದ ದಂಟಿನ ಹಾಗೆ ಕೇಳಿತು. ಅಪ್ಪ ಯಾವಾಗಲೂ ನನ್ನ ಬೆನ್ನ ಹಿಂದೆ ಕೂರುತ್ತಿದ್ದ, ಮುಖ ಕಾಣದ ಹಾಗೆ. ಹಿಂದಿನಿಂದಲೇ ಕೈ ಚಾಚಿ ನನ್ನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಟ್ಟು ಒತ್ತುತ್ತಿದ್ದ. ತೂತಿನ ಅಂಚು ನನ್ನ ಬೆರಳಲ್ಲಿ ಉಂಗುರದ ಗುರುತು ಮೂಡಿಸುತ್ತಿತ್ತು. ಕೆಲವು ಸಲ ನನ್ನ ಬೆರಳು ತೆಗೆಸಿ, "ನೀನು ಬರೀ ಊದು" ಎಂದು ತಾನೇ ಬೆರಳಾಡಿಸುತ್ತಿದ್ದ. ಆಗ ನನ್ನ ಉಸಿರಿನಿಂದ ಅಪ್ಪನ ಹಾಡು ಬರುತ್ತಿತ್ತು. ಒರಟಾಗಿ, ಹರಕಾಗಿ, ಆದರೆ ಅವನದೇ ಗಮಕ. ಆ ಹೊತ್ತು ಅವನ ಎದೆ ನನ್ನ ಬೆನ್ನಿಗೆ ತಾಗಿ ಏರಿಳಿಯುವುದು ತಿಳಿಯುತ್ತಿತ್ತು. ನನ್ನ ಉಸಿರು ಮುಗಿದು ನಾನು ನಿಲ್ಲಿಸಿದರೂ ಅವನ ಬೆರಳುಗಳು ಸ್ವಲ್ಪ ಹೊತ್ತು ಸದ್ದಿಲ್ಲದೆ ಆಡುತ್ತಲೇ ಇರುತ್ತಿದ್ದವು.

ನಾದ ಹದವಾಗಲು ಅವನು ನನ್ನಿಂದ ಒಂದೇ ಸ್ವರವನ್ನು ಉಸಿರಿರುವಷ್ಟೂ ಹೊತ್ತು ಹಿಡಿಸುತ್ತಿದ್ದ. ಕೆನ್ನೆ ಉಬ್ಬಬಾರದು. ಮೇಲಿನ ಹಲ್ಲು ವಾದ್ಯದ ಮೇಲೆ, ಕೆಳಗಿನ ತುಟಿ ಹಲ್ಲಿಗೆ ಹಾಸಿಗೆಯ ಹಾಗೆ ಮಡಿಸಿಕೊಂಡಿರಬೇಕು, ತುಟಿಯ ಎರಡೂ ಮೂಲೆ ಬಿಗಿ. "ಬಿಸಿ ಸಾರು ಆರುಸ್ದಂಗೆ ಊದು, ಸಣ್ಗೆ, ಜೋರಾಗಿ" ಎನ್ನುತ್ತಿದ್ದ. ಕೆಳಗಿನ ಸ್ವರಗಳು ನಿಧಾನವಾಗಿ ಮೈದುಂಬಿಕೊಂಡವು. ಮೇಲಿನವು ನನ್ನನ್ನು ಕೊಂದವು. ಕೊಳಲಾದರೆ ಅದೇ ಬೆರಳಿಗೆ ಜೋರಾಗಿ ಊದಿದರೆ ಮೇಲಿನ ಅದೇ ಸ್ವರ ಬರುತ್ತದೆ. ಇದರಲ್ಲಿ ಹಾಗಲ್ಲ; ಕೆಳಗೆ ಸ ಹಿಡಿದ ಬೆರಳಿಗೇ ಹಿಂಬದಿಯ ಗುಂಡಿ ಒತ್ತಿದರೆ ಮೇಲಿನ ಪ ಬರುತ್ತದೆ. ಒಂದೇ ಬೆರಳುಗಳನ್ನು ಎರಡು ಸಲ, ಎರಡು ಹೆಸರಲ್ಲಿ ಕಲಿಯಬೇಕು. ಕೆಳಗಿನಿಂದ ಮೇಲಕ್ಕೆ ದಾಟುವ ಕಡೆ, ತೆರೆದಿದ್ದ ತೂತುಗಳೆಲ್ಲ ಒಂದೇ ಏಟಿಗೆ ಮುಚ್ಚಿಕೊಂಡು ಎಡಗೈಯ ಹೆಬ್ಬೆರಳು ಹಿಂಬದಿಯ ತೂತನ್ನು ಮುಚ್ಚಿ ಗುಂಡಿಯನ್ನೂ ಒತ್ತಬೇಕು. ಒಂದು ಬೆರಳು ಕೂದಲೆಳೆಯಷ್ಟು ಸರಿದರೂ ಹಂದಿಯ ಕೂಗು. ನನ್ನ ಕೈ ಚಿಕ್ಕದು. ಪ್ರತಿ ಸಲ ಅಲ್ಲೇ ಒಡೆಯುತ್ತಿತ್ತು.

ಕೆಳತುಟಿಯ ಒಳಗೆ ಹಲ್ಲು ಒತ್ತಿ ಗಾಯವಾಯಿತು, ಆಮೇಲೆ ಊದಿಕೊಂಡಿತು. ಬೆಳಿಗ್ಗೆ ಎದ್ದ ಕೂಡಲೆ ನಾನು ನಡುಮನೆಯ ಕನ್ನಡಿಯ ಮುಂದೆ ನಿಂತು, ಹಲ್ಲು ಕಿರಿದು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದೆ. ಅಜ್ಜಿ ಹೇಳಿದ್ದೇ ನಿಜವಾಗಿದ್ದರೆ? ಈ ಗಾಳಿಯೇ ನರ ತಿನ್ನುವುದಾದರೆ? ಒಂದು ಬೆಳಿಗ್ಗೆ ಅಜ್ಜಿ ಅದನ್ನು ಕಂಡಳು. ನನ್ನ ತುಟಿ ಮಡಿಸಿ ಗಾಯ ನೋಡಿದವಳು ಸೀದಾ ಅಪ್ಪನ ಕೋಣೆಯ ಬಾಗಿಲಿಗೆ ಹೋದಳು.

"ನಿಂದಂತೂ ಓಯ್ತು. ಎಣ್ಮಗೀನ ಮಕಾನೂ ಸೊಟ್ಟಗೆ ಮಾಡ್ತೀಯೇನ್ಲಾ? ನಾಳೆ ಇವುಳ್ನ ಯಾರ್ಲಾ ಕಟ್ಕತಾರೆ? ನಾನು ಸತ್ತ ಮ್ಯಾಲೆ ಏನಾರ ಮಾಡ್ಕೊ. ನಾನಿರೋಗಂಟ ಬ್ಯಾಡ ಕಣ್ಲಾ, ಕೈ ಮುಗೀತೀನಿ."

ಅಜ್ಜಿ ನಿಜವಾಗಿಯೂ ಮಗನಿಗೆ ಕೈಮುಗಿದು ನಿಂತಿದ್ದಳು. ಆ ಸಂಜೆ ಗದ್ದೆಯಲ್ಲಿ ಅವನ ಕೈಗೆ ತಾಳ್ಮೆ ಇರಲಿಲ್ಲ. ದಾಟುವ ಕಡೆ ನಾನು ಒಡೆದೆ. ಮತ್ತೆ ಊದಿಸಿದ, ಮತ್ತೆ ಒಡೆದೆ. ಕತ್ತಲಾಗುತ್ತ ಬಂತು, ತುಟಿಯಿಂದ ಉಪ್ಪುಪ್ಪಾಗಿ ರಕ್ತ ನಾಲಿಗೆಗೆ ಬರುತ್ತಿತ್ತು, ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಇದೊಂದು ಸ್ವರ ದಾಟಿಬಿಟ್ಟರೆ ಅಪ್ಪ ಬದುಕುತ್ತಾನೆ, ದಾಟದಿದ್ದರೆ ಇಲ್ಲ ಎಂದು ನನ್ನೊಳಗೆ ಯಾಕೋ ಕೂತುಬಿಟ್ಟಿತ್ತು. "ಮುಚ್ಚು, ಪೂರ್ತಿ ಮುಚ್ಚು!" ಎಂದು ಅವನು ನನ್ನ ಕಿವಿಯ ಹತ್ತಿರ ಕೂಗಿದ. ಬೆಚ್ಚಗೆ ಏನೋ ನನ್ನ ಹೆಗಲ ಮೇಲೆ ಬಿತ್ತು. ಅವನ ಬಾಯಿಯಿಂದ ಇಳಿದ ಎಂಜಲು. ಅಪ್ಪನ ಕೂಗು ಅಲ್ಲಿಗೇ ನಿಂತಿತು. ಟವೆಲಿನಿಂದ ನನ್ನ ಹೆಗಲನ್ನು ಒರೆಸಿದ, ಒಣಗಿದ ಮೇಲೂ ಒರೆಸುತ್ತಲೇ ಇದ್ದ. ಆಮೇಲೆ ವಾದ್ಯವನ್ನು ನನ್ನ ಕೈಯಿಂದ ತೆಗೆದುಕೊಂಡು, ತುಂಡು ತುಂಡು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಮನೆಯ ಕಡೆ ನಡೆದ.

ಮರುದಿನ ಅವ್ವನ ಮೂಲಕ ಕಿಕ್ಕೇರಿಯ ಮೇಷ್ಟ್ರಿಗೆ ಹೇಳಿಕಳಿಸಿದ: ವಾದ್ಯವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ. ಊದುವವರ ಕೈಲಿರಲಿ.

ಶಿವಣ್ಣ ಮೇಷ್ಟ್ರು ಒಂದು ಭಾನುವಾರ ಹಗಲು ಬಂದರು. ಬಿಳಿ ಪಂಚೆ, ಕೈಚೀಲ, ಎಲೆಅಡಿಕೆಯ ಬಾಯಿ. ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡ. ಇಷ್ಟು ವರ್ಷ ಭುಜಕ್ಕೆ ಭುಜ ತಾಗಿಸಿ ಕೂತ ಗೆಳೆಯನಿಗೂ ಅವನು ಮುಖ ತೋರಿಸಿರಲಿಲ್ಲ. ಮೇಷ್ಟ್ರು ಪಡಸಾಲೆಯಲ್ಲಿ ಕೂತು, ಮುಚ್ಚಿದ ಬಾಗಿಲಿಗೆ ಕೇಳುವ ಹಾಗೆ ಮಾತಾಡಿದರು. ಪಾಂಡವಪುರದಲ್ಲಿ ಒಬ್ಬರು ಇದ್ದಾರೆ, ಕಲಿತವರು, ಸ್ವಂತದ ವಾದ್ಯ ಇಲ್ಲ, ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ ಎಂದರು. ಅವ್ವ ಕಾಫಿ ಕೊಟ್ಟು, ಪೆಟ್ಟಿಗೆ ತಂದು ಅವರ ಮುಂದಿಟ್ಟು, ಕಂಬಕ್ಕೆ ಒರಗಿ ನಿಂತಳು. ಮೇಷ್ಟ್ರು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದೇ ನಾನು ಮುಂದೆ ಬಂದೆ.

"ನಾನು ಊದ್ತೀನಿ. ಕೇಳ್ಬುಟ್ಟು ತಗಂಡೋಗಿ ಮೇಷ್ಟ್ರೇ."

"ಬ್ಯಾಡ ಕಣಮ್ಮಿ" ಎಂದಳು ಅಜ್ಜಿ. ನಾನಾಗಲೇ ಪೆಟ್ಟಿಗೆ ಎಳೆದುಕೊಂಡಿದ್ದೆ. ಅವಸರದಲ್ಲಿ ತುಂಡುಗಳು ಸೇರಲಿಲ್ಲ. ಅವ್ವ ಕೂತು ಹಿಡಿದುಕೊಂಡಳು. ಕೆಳಗಿನ ಸ ಹಿಡಿದೆ. ಅದು ಬಂತು, ತುಂಬಿಕೊಂಡು ಬಂತು. ಮೇಷ್ಟ್ರ ಕಾಫಿಲೋಟ ಅರ್ಧದಲ್ಲಿ ನಿಂತಿತು. ಒಂದೊಂದೇ ಬೆರಳೆತ್ತುತ್ತ ಮೇಲೆ ಹೋದೆ. ದಾಟುವ ಕಡೆ ಬಂದೆ, ಒಡೆಯಿತು. ಮತ್ತೆ ಕೆಳಗಿನಿಂದ ಶುರು ಮಾಡಿದೆ. ಮತ್ತೆ ಅದೇ ಕಿರುಚಾಟ. ನನ್ನ ಕಣ್ಣಲ್ಲಿ ನೀರು ತುಂಬಿ ಮೇಷ್ಟ್ರು ಮಸುಕಾದರು.

"ಸಾಕು ಕಣವ್ವ" ಎಂದರು ಅವರು, ತುಂಬ ಮೆತ್ತಗೆ. "ನಿಂಗಿನ್ನೂ ಕೈ ಬೆಳೀಬೇಕು."

ನಾನು ಮತ್ತೆ ಊದಿದೆ. ಮತ್ತೆ ಒಡೆಯಿತು. ಆಗ ಕೋಣೆಯ ಬಾಗಿಲು ಧಡಾರನೆ ತೆರೆದುಕೊಂಡಿತು.

"ಹೆಬ್ಬೆಟ್ಟು! ಹೆಬ್ಬೆಟ್ಟು ಎತ್ತಬ್ಯಾಡ ಕಣಮ್ಮಿ, ಉಳ್ಳುಸು!"

ಅಪ್ಪನ ಮುಖಕ್ಕೆ ಟವೆಲಿರಲಿಲ್ಲ. ಗಡ್ಡ ಬೆಳೆದಿತ್ತು, ಮುಚ್ಚದ ಕಣ್ಣು ಕೆಂಪಗಿತ್ತು, ಬಾಯಿಯ ಮೂಲೆ ಒದ್ದೆಯಾಗಿತ್ತು. ಮೇಷ್ಟ್ರ ಕಡೆ ಅವನು ನೋಡಲಿಲ್ಲ. ಬಂದವನೇ ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ಇಷ್ಟು ದಿನ ಅವನು ಕೂತದ್ದೆಲ್ಲ ನನ್ನ ಬೆನ್ನ ಹಿಂದೆ. ನನ್ನ ಹೆಬ್ಬೆರಳು ತೂತನ್ನು ಬಿಟ್ಟು ಮೇಲೆದ್ದು ಗುಂಡಿ ಹುಡುಕುತ್ತಿದ್ದುದು ಇಬ್ಬರಿಗೂ ತಿಳಿದಿರಲಿಲ್ಲ. ಬಾಗಿಲಾಚೆ ಒಡೆದ ಸದ್ದು ಕೇಳಿಯೇ ಅವನಿಗೆ ಅದು ಹೊಳೆದಿತ್ತು. ನನ್ನ ಎಡಗೈ ಹಿಡಿದು ಹೆಬ್ಬೆರಳನ್ನು ತೂತಿನ ಮೇಲಿಟ್ಟು, ಅಲ್ಲಿಂದ ಬಿಡದೆ ತುದಿಯನ್ನು ಮಾತ್ರ ಗುಂಡಿಯ ಕಡೆಗೆ ವಾಲಿಸಿದ.

"ಇಷ್ಟೇಯ. ತೂತು ಬುಡಬ್ಯಾಡ. ಊದು. ನನ್ ಮಕ ನೋಡ್ಕಂಡು ಊದು."

ನೋಡಿದೆ. ಅವನ ಬಲಗಡೆಯ ತುಟಿ ವಾದ್ಯವಿಲ್ಲದೆಯೇ ಬಿಗಿಯಾಯಿತು, ಕೆನ್ನೆ ಒಳಕ್ಕೆ ಹೋಯಿತು. ಎಡಗಡೆಯದು ಸುಮ್ಮನೆ ಜೋತಿತ್ತು. ಆ ಅರ್ಧ ಮುಖವನ್ನು ನೋಡಿ ನನ್ನ ತುಟಿಯನ್ನು ಹೊಂದಿಸಿಕೊಂಡೆ. ಬೆರಳೆಲ್ಲ ಒಟ್ಟಿಗೆ ಕೂತವು, ಹೆಬ್ಬೆರಳು ವಾಲಿತು. ಮೇಲಿನ ಸ್ವರ ಬಂತು. ನೂಲಿನಷ್ಟು ಸಣ್ಣದು, ನಡುಗಿತು, ಆಮೇಲೆ ನಿಂತಿತು. ನಾನು ಉಸಿರು ಮುಗಿಯುವ ತನಕ ಅದನ್ನು ಹಿಡಿದೆ. ಅಪ್ಪನೂ ಅಷ್ಟು ಹೊತ್ತೂ ಉಸಿರು ಬಿಡಲಿಲ್ಲ. ಮೇಷ್ಟ್ರು ಎದ್ದು ಬಂದು ಅವನ ಭುಜ ಹಿಡಿದರು.

"ಯಾಕ್ಲಾ ಇಷ್ಟು ದಿನ ಬಾಗ್ಲಾಕ್ಕಂಡಿದ್ದೆ? ನಾನೇನ್ ನಿನ್ ಮಕ ನೋಡ್ಕಂಡು ಬತ್ತಿದ್ನಾ?"

ಅಪ್ಪ ಏನೋ ಹೇಳಲು ಹೋದ, ಅಕ್ಷರಗಳು ಕೂಡಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ನನ್ನ ಕಡೆಗೆ ತಳ್ಳಿ, "ಕೊಡಾಕಿಲ್ಲ ಮೇಷ್ಟ್ರೇ" ಎಂದ.

ಅಪ್ಪನ ಮುಖ ಮುಂದೆಯೂ ಪೂರ್ತಿ ನೆಟ್ಟಗಾಗಲಿಲ್ಲ. ಕಣ್ಣು ಮುಚ್ಚುವಷ್ಟಾಯಿತು, ಪ ಮತ್ತು ಮ ವಾಪಸು ಬಂದವು. ಊದುವ ಬಿಗಿ ಬರಲೇ ಇಲ್ಲ. ನಾನು ದೊಡ್ಡವಳಾಗಿ ನಾಟಕದಲ್ಲಿ ಮೇಷ್ಟ್ರ ಎಡಕ್ಕೆ ಕೂತೆ, ಮದುವೆಯಾಗಿ ಪಾಂಡವಪುರಕ್ಕೆ ಬಂದೆ, ಈಗ ಮಕ್ಕಳಿಗೆ ಕಲಿಸುತ್ತೇನೆ. ಅವರ ಎದುರಿಗೇ ಕೂರುತ್ತೇನೆ. ಅದೆಲ್ಲ ನಿಧಾನವಾಗಿ ಆದದ್ದು. ಆದರೆ ಆ ಭಾನುವಾರ ಇನ್ನೂ ಮುಗಿದಿರಲಿಲ್ಲ.

ಮೇಷ್ಟ್ರನ್ನು ಬಸ್ಸು ಹತ್ತಿಸಿ ಬರುತ್ತೇನೆ ಎಂದು ಅಪ್ಪ ಹೊರಟ. ಅಜ್ಜಿ ಟವೆಲು ಹಿಡಿದು ಬೀದಿಯವರೆಗೆ ಹೋದಳು, ಅವನು ತೆಗೆದುಕೊಳ್ಳಲಿಲ್ಲ. ಬಸ್ಸು ಬಂದು ಹೋದ ಸದ್ದು ನಮಗೆ ಕೇಳಿತು. ಅಪ್ಪ ಬರಲಿಲ್ಲ. ಅವ್ವ ಒಲೆಯ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. ಹೊಳೆಯ ದಾರಿಯೂ ಬಸ್ಸಿನ ದಾರಿಯೂ ಊರಬಾಗಿಲಲ್ಲಿ ಕವಲೊಡೆಯುತ್ತವೆ. ಇನ್ನೂ ಬರಲಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು. ಅಜ್ಜಿ ಮತ್ತು ನಾನು ಜಗಲಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಸುಮಾರು ಹೊತ್ತಾದ ಮೇಲೆ ಅವ್ವ ಒಬ್ಬಳೇ ಬರುವುದು ಕಂಡಿತು. ಅವಳು ಓಡುತ್ತಿರಲಿಲ್ಲ. ಹತ್ತಿರ ಬಂದು ಹೊಸಿಲ ಮೇಲೆ ಕೂತು, ಹಿಟ್ಟು ಒಣಗಿದ ಕೈಯಿಂದ ಮುಖ ಮುಚ್ಚಿಕೊಂಡಳು.

"ಏನಾಯ್ತವ್ವ? ಯೋಳು!" ಎಂದು ಅಜ್ಜಿ ಅವಳ ಭುಜ ಅಲುಗಾಡಿಸಿದಳು.

"ಅಂಗ್ಡಿ ಮುಂದೆ ಎಲ್ರು ಮಧ್ಯ ಕುಂತ್ಕಂಡು ಟೀ ಕುಡೀತಾವ್ರೆ ಕಣತ್ತೆ" ಎಂದಳು ಅವ್ವ. "ಅಂಗಿಯೆಲ್ಲ ನೆಂದೋಗದೆ."